ಕಾರಿನ ಎಸಿ ಫ್ಯಾನ್ 4ರಲ್ಲಿ ಮಾತ್ರ ಓಡುತ್ತಿದೆಯೇ? ‘ತುಂಡು ವೈರ್’ ಫಾರ್ವರ್ಡ್ ನಂಬುವ ಮುನ್ನ ಇದನ್ನು ಓದಿ

ಕಳೆದ ಮಳೆಗಾಲದಲ್ಲಿ ಹಾಸನದ ಓದುಗರೊಬ್ಬರು ನಮಗೆ ಒಂದು ವಿಡಿಯೊ ಕಳುಹಿಸಿ, ‘ಇದು ನಿಜವೇ? ನನ್ನ ಕಾರಿಗೂ ಮಾಡಬಹುದೇ?’ ಎಂದು ಕೇಳಿದರು. ವಿಡಿಯೊ ಇರುವುದು ಒಂದೂವರೆ ನಿಮಿಷ. ಯಾರದೋ ಎರಡು ಕೈಗಳು ಕಾರಿನ ಗ್ಲೋವ್ ಬಾಕ್ಸ್ ಬಿಚ್ಚುತ್ತವೆ. ಒಳಗಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಬಿಡಿಭಾಗವನ್ನು ಹೊರಗೆಳೆದು, ಅದರ ಮೇಲಿನ ಎರಡು ಬಿಂದುಗಳ ನಡುವೆ ತುಂಡು ವೈರ್ ಇಟ್ಟು ಬೆಸುಗೆ ಹಾಕುತ್ತವೆ. ಮತ್ತೆ ಜೋಡಿಸಿ ನಾಬ್ ತಿರುಗಿಸಿದರೆ, ಅಷ್ಟು ಹೊತ್ತು ಸತ್ತು ಬಿದ್ದಿದ್ದ 1, 2, 3 ಸ್ಪೀಡ್‌ಗಳೆಲ್ಲ ಓಡತೊಡಗುತ್ತವೆ. ಕೆಳಗೆ ಬರಹ: ‘ಶೋರೂಮಿನವರು ಹೇಳದ ಗುಟ್ಟು. ಐದು ರೂಪಾಯಿ ವೈರ್‌ನಲ್ಲಿ ಸಾವಿರಾರು ರೂಪಾಯಿ ಉಳಿಸಿ. ಕಾರು ಇರುವ ಎಲ್ಲರಿಗೂ ಕಳುಹಿಸಿ.’

ಸಾಮಾನ್ಯವಾಗಿ ಇಂಥ ಫಾರ್ವರ್ಡ್‌ಗಳನ್ನು ಪರಿಶೀಲಿಸಿದಾಗ ನಾವು ಹೇಳುವ ಮಾತು ‘ಇದು ಕೆಲಸ ಮಾಡುವುದಿಲ್ಲ’ ಎಂಬುದು. ಈ ಬಾರಿ ಹಾಗೆ ಹೇಳಲಾಗುವುದಿಲ್ಲ. ಈ ಟ್ರಿಕ್ ಕೆಲಸ ಮಾಡುತ್ತದೆ. ವಿಡಿಯೊದಲ್ಲಿ ತೋರಿಸಿದ್ದರಲ್ಲಿ ಎಡಿಟಿಂಗ್ ಮೋಸವೇನೂ ನಮಗೆ ಕಾಣಲಿಲ್ಲ. ಸಮಸ್ಯೆ ಇರುವುದೇ ಅಲ್ಲಿ. ಅದು ಕೆಲಸ ಮಾಡುತ್ತದೆ, ಮಾಡುತ್ತಲೇ ಇರುತ್ತದೆ, ಒಂದು ದಿನ ಡ್ಯಾಶ್‌ಬೋರ್ಡ್ ಒಳಗಿನಿಂದ ಹೊಗೆ ಬರುವವರೆಗೂ. ಆ ವೈರ್ ಮುಚ್ಚಿಹಾಕುತ್ತಿರುವುದು ಒಂದು ಸುರಕ್ಷಾ ಸಾಧನವನ್ನು ಎಂಬುದನ್ನು ವಿಡಿಯೊ ಎಲ್ಲೂ ಹೇಳುವುದಿಲ್ಲ.

ಹೀಗಾಗಿ ಫ್ಯಾನಿನ ಸ್ಪೀಡ್ ಹೇಗೆ ಬದಲಾಗುತ್ತದೆ, ಯಾವ ಲಕ್ಷಣ ಕಂಡರೆ ಯಾವ ಭಾಗ ಕೆಟ್ಟಿದೆ, ಮನೆಯಲ್ಲೇ ಏನು ಪರೀಕ್ಷಿಸಬಹುದು, ಎಲ್ಲಿ ಕೈ ಹಾಕಬಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಹೀಟರ್‌ಗೂ ಎಸಿಗೂ ಒಂದೇ ಫ್ಯಾನ್

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ‘ಎಸಿ ಬರುತ್ತಿಲ್ಲ’ ಎಂದು ಹೇಳುವಾಗ ನಾವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತೇವೆ. ಗಾಳಿ ಬರುತ್ತಿದೆ, ಆದರೆ ತಣ್ಣಗಿಲ್ಲ ಎಂಬುದು ಒಂದು. ಗಾಳಿಯೇ ಬರುತ್ತಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗ್ಯಾಸ್, ಕಂಪ್ರೆಸರ್, ಕಂಡೆನ್ಸರ್ ಇತ್ಯಾದಿ ಕಾರಣವಿರಬಹುದು. ಎರಡನೆಯದಕ್ಕೂ ಗ್ಯಾಸ್‌ಗೂ ನೇರ ಸಂಬಂಧವಿಲ್ಲ. ಫ್ಯಾನ್ ತಿರುಗದ ಕಾರಿಗೆ ಗ್ಯಾಸ್ ತುಂಬಿಸಿಕೊಂಡು ಬಂದವರ ಕಥೆ ನಮಗೆ ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿದೆ. ನಿಮ್ಮ ಮೆಕ್ಯಾನಿಕ್ ಹಾಗೆ ಹೇಳಿದರೆ, ‘ಗಾಳಿಯೇ ಬರುತ್ತಿಲ್ಲವಲ್ಲ, ಗ್ಯಾಸ್ ಯಾಕೆ?’ ಎಂದು ಕೇಳಿ.

ಬ್ಲೋವರ್ ಎಂದು ಕರೆಯುವ ಈ ಫ್ಯಾನ್ ಬಹುತೇಕ ಸಣ್ಣ ಕಾರುಗಳಲ್ಲಿ ಗ್ಲೋವ್ ಬಾಕ್ಸ್‌ನ ಹಿಂದೆ ಅಥವಾ ಕೆಳಗೆ, ಅಂದರೆ ನಮ್ಮಲ್ಲಿ ಎಡಬದಿಯ ಸೀಟಿನಲ್ಲಿ ಕುಳಿತವರ ಕಾಲ ಬಳಿ ಇರುತ್ತದೆ. ಸೀಲಿಂಗ್ ಫ್ಯಾನಿನಂತೆ ರೆಕ್ಕೆಗಳಿರುವುದಿಲ್ಲ. ಅಳಿಲಿನ ಪಂಜರದಂತೆ ಕಾಣುವ ಸಿಲಿಂಡರ್ ಆಕಾರದ ಚಕ್ರವಿರುತ್ತದೆ. ಅದು ತಳ್ಳಿದ ಗಾಳಿ ಮೊದಲು ಎಸಿಯ ತಣ್ಣನೆಯ ಸುರುಳಿಯನ್ನು ದಾಟಿ, ನಂತರ ಬೇಕಿದ್ದರೆ ಹೀಟರಿನ ಬಿಸಿ ಸುರುಳಿಯನ್ನು ದಾಟಿ ನಿಮ್ಮ ಮುಖಕ್ಕೋ, ಕಾಲಿಗೋ, ಮುಂದಿನ ಗಾಜಿಗೋ ಬರುತ್ತದೆ. ಫ್ಯಾನ್ ಒಂದೇ. ಹಾಗಾಗಿ ಎಸಿಯಲ್ಲಿ 2ನೇ ಸ್ಪೀಡ್ ಬರದಿದ್ದರೆ ಹೀಟರ್‌ನಲ್ಲೂ ಬರುವುದಿಲ್ಲ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರುತ್ತಿಲ್ಲ ಎಂದರೆ ತೊಂದರೆ ಫ್ಯಾನಿನದ್ದಲ್ಲ, ಬೇರೆ ಕಡೆ ಹುಡುಕಬೇಕು.

ಸ್ಪೀಡ್ ಕಡಿಮೆಯಾಗುವುದು ಹೇಗೆ?

ನಾಬ್‌ನಲ್ಲಿ 1, 2, 3, 4 ಎಂದು ಬರೆದಿರುವ ಸಾಧಾರಣ ಕಾರುಗಳಲ್ಲಿ ವ್ಯವಸ್ಥೆ ತುಂಬ ಹಳೆಯ ಕಾಲದ್ದು, ತುಂಬ ಸರಳವಾದದ್ದು. ನಮ್ಮ ಮನೆಗಳಲ್ಲಿ ಮೊದಲು ಸೀಲಿಂಗ್ ಫ್ಯಾನಿಗೆ ದಪ್ಪ ಪೆಟ್ಟಿಗೆಯಂಥ ರೆಗ್ಯುಲೇಟರ್ ಇರುತ್ತಿತ್ತಲ್ಲ, ಫ್ಯಾನ್ ನಿಧಾನಕ್ಕೆ ಇಟ್ಟಷ್ಟೂ ಬಿಸಿಯಾಗುತ್ತಿದ್ದದ್ದು, ಅದೇ ತತ್ವ. ಮೋಟಾರಿಗೆ ಹೋಗುವ ದಾರಿಯಲ್ಲಿ ಒಂದು ಅಡ್ಡಿ ಇಡುವುದು. ಆ ಅಡ್ಡಿಯ ಹೆಸರು ರೆಸಿಸ್ಟರ್. ಬ್ಯಾಟರಿಯ 12 ವೋಲ್ಟ್‌ನಲ್ಲಿ ಒಂದಷ್ಟನ್ನು ಅದು ತಿಂದು ಬಿಸಿಯಾಗಿ ಕಳೆಯುತ್ತದೆ, ಉಳಿದದ್ದು ಮೋಟಾರಿಗೆ ಸಿಗುತ್ತದೆ.

ಮೂರು ರೆಸಿಸ್ಟರ್ ತುಣುಕುಗಳು ರೈಲು ಬೋಗಿಗಳಂತೆ ಒಂದರ ಹಿಂದೆ ಒಂದು ಕೂತಿವೆ ಎಂದುಕೊಳ್ಳಿ. 1ರಲ್ಲಿ ಇಟ್ಟರೆ ಕರೆಂಟ್ ಮೂರನ್ನೂ ದಾಟಬೇಕು, ಫ್ಯಾನ್ ನಿಧಾನ. 2ರಲ್ಲಿ ಇಟ್ಟರೆ ಎರಡನ್ನು ದಾಟಬೇಕು. 3ರಲ್ಲಿ ಒಂದನ್ನು. 4ರಲ್ಲಿ ಯಾವುದನ್ನೂ ದಾಟಬೇಕಿಲ್ಲ, ಕರೆಂಟ್ ನೇರವಾಗಿ ಮೋಟಾರಿಗೆ. ಈ ಒಂದು ಚಿತ್ರ ಮನಸ್ಸಿನಲ್ಲಿದ್ದರೆ ಮುಂದಿನ ಪತ್ತೇದಾರಿಕೆಯ ಅರ್ಧ ಮುಗಿದಂತೆ.

ರೆಸಿಸ್ಟರ್ ಬಿಸಿಯಾಗುವುದು ಸಹಜವಾದ್ದರಿಂದ ಅದನ್ನು ತಂಪಾಗಿಡಲು ಎಂಜಿನಿಯರುಗಳು ಒಂದು ಜಾಣತನ ಮಾಡಿದ್ದಾರೆ. ಅದನ್ನು ಬ್ಲೋವರ್ ಗಾಳಿ ಹೋಗುವ ಪ್ಲಾಸ್ಟಿಕ್ ಕೊಳವೆಯೊಳಗೇ ಕೂರಿಸಿದ್ದಾರೆ. ಫ್ಯಾನ್ ಓಡುತ್ತಿದ್ದರೆ ಅದರ ಗಾಳಿಯೇ ರೆಸಿಸ್ಟರನ್ನು ತಣಿಸುತ್ತದೆ. ಆದರೆ ಫ್ಯಾನ್ ನಿಂತುಹೋದರೆ? ಅಥವಾ ಕಸ ಕಟ್ಟಿ ಗಾಳಿ ಹೋಗದಿದ್ದರೆ? ಆ ದಿನಕ್ಕಾಗಿಯೇ ರೆಸಿಸ್ಟರ್ ಪಕ್ಕದಲ್ಲಿ ಥರ್ಮಲ್ ಫ್ಯೂಸ್ ಎಂಬ ಪುಟ್ಟ ಭಾಗವಿರುತ್ತದೆ. ನಿಗದಿತ ಬಿಸಿ ಮೀರಿದರೆ ಅದು ಕರಗಿ ಅಥವಾ ಬಿಟ್ಟುಕೊಂಡು 1, 2, 3ರ ದಾರಿಯನ್ನು ಕಡಿದು ಹಾಕುತ್ತದೆ. 4ಕ್ಕೆ ರೆಸಿಸ್ಟರಿನ ಹಂಗಿಲ್ಲವಾದ್ದರಿಂದ ಅದು ಮಾತ್ರ ಓಡುತ್ತಿರುತ್ತದೆ.

ವಿಡಿಯೊದ ತುಂಡು ವೈರ್ ಕೂತದ್ದು ಸರಿಯಾಗಿ ಈ ಥರ್ಮಲ್ ಫ್ಯೂಸ್ ಮೇಲೆ.

‘ಕಾರಿನಲ್ಲಿ ಬೇರೆ ಫ್ಯೂಸ್ ಇದೆಯಲ್ಲ, ಅದು ಕಾಪಾಡುವುದಿಲ್ಲವೇ?’

ಕಾಮೆಂಟ್‌ಗಳಲ್ಲಿ ಹಲವರು ಕೇಳಿದ ಪ್ರಶ್ನೆ ಇದು, ಮತ್ತು ಒಳ್ಳೆಯ ಪ್ರಶ್ನೆ. ಬ್ಲೋವರಿಗೆ ಫ್ಯೂಸ್ ಬಾಕ್ಸ್‌ನಲ್ಲಿ ಪ್ರತ್ಯೇಕ ಫ್ಯೂಸ್ ಇರುವುದು ನಿಜ. ಅನೇಕ ಕಾರುಗಳಲ್ಲಿ ಅದು 30 ಆಂಪ್‌ನದ್ದು. ಹಾಗಿದ್ದರೆ ಹೆದರಿಕೆ ಏಕೆ?

ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ, ಕಾರಿನಿಂದ ಕಾರಿಗೆ ಬದಲಾಗುತ್ತವೆ. 1ನೇ ಸ್ಪೀಡಿನಲ್ಲಿ ಒಟ್ಟು ರೆಸಿಸ್ಟೆನ್ಸ್ 2 ಓಮ್ ಇದೆ, 4 ಆಂಪ್ ಕರೆಂಟ್ ಹರಿಯುತ್ತಿದೆ ಎನ್ನಿ. ರೆಸಿಸ್ಟರಿನಲ್ಲಿ ಹುಟ್ಟುವ ಶಾಖ 4 ಗುಣಿಸು 4 ಗುಣಿಸು 2, ಅಂದರೆ 32 ವ್ಯಾಟ್. ರೇಡಿಯೊ ರಿಪೇರಿಯವರು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು. ಅದಕ್ಕಿಂತ ಹೆಚ್ಚಿನ ಶಾಖ ಇಲ್ಲಿ ಪ್ರತಿದಿನವೂ ಹುಟ್ಟುತ್ತದೆ, ಆದರೆ ಗಾಳಿ ಅದನ್ನು ಕೊಂಡೊಯ್ಯುತ್ತದೆ.

ಈಗ ಮೋಟಾರ್ ಬೇರಿಂಗ್ ಸವೆದೋ, ತುಕ್ಕು ಹಿಡಿದೋ ಜಾಮ್ ಆಯಿತು ಎಂದುಕೊಳ್ಳಿ. ತಿರುಗುವ ಮೋಟಾರ್ ತಾನೇ ಕರೆಂಟಿಗೆ ಎದುರೊತ್ತಡ ಹುಟ್ಟಿಸುತ್ತಿರುತ್ತದೆ. ನಿಂತ ಮೋಟಾರಿನಲ್ಲಿ ಅದಿಲ್ಲ. ಅದರ ಒಳಗಿನ ತಂತಿಯ ರೆಸಿಸ್ಟೆನ್ಸ್ 0.4 ಓಮ್ ಎಂದಿಟ್ಟುಕೊಂಡರೆ ಒಟ್ಟು 2.4 ಓಮ್, ಕರೆಂಟ್ 5 ಆಂಪ್. ರೆಸಿಸ್ಟರಿನಲ್ಲಿ 50 ವ್ಯಾಟ್. 3ನೇ ಸ್ಪೀಡಿನಲ್ಲಿ ಇನ್ನೂ ಕೆಟ್ಟದ್ದು. ಅಲ್ಲಿ ಉಳಿದ ರೆಸಿಸ್ಟರ್ ತುಣುಕು 0.4 ಓಮ್ ಆಗಿದ್ದರೆ ಕರೆಂಟ್ 15 ಆಂಪ್, ಆ ಒಂದೇ ತುಣುಕಿನಲ್ಲಿ 90 ವ್ಯಾಟ್. ಮೂರೂವರೆ ಸೋಲ್ಡರಿಂಗ್ ಐರನ್‌ಗಳನ್ನು ಒಟ್ಟಿಗೆ ಕಟ್ಟಿ ಪ್ಲಾಸ್ಟಿಕ್ ಕೊಳವೆಯೊಳಗೆ ಇಟ್ಟಂತೆ. ಗಾಳಿ ಸೊನ್ನೆ. ಸುತ್ತ ಎಲೆ, ಧೂಳು, ಸ್ಪಂಜು.

ಫ್ಯೂಸ್ ಬಾಕ್ಸ್‌ನಲ್ಲಿರುವ 30 ಆಂಪ್ ಫ್ಯೂಸಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಅದರ ಪಾಲಿಗೆ 15 ಆಂಪ್ ಎಂದರೆ ಮಾಮೂಲು ದಿನ. ಅದು ಕರೆಂಟನ್ನು ಅಳೆಯುತ್ತದೆ, ಬಿಸಿಯನ್ನಲ್ಲ. ಬಿಸಿಯನ್ನು ಗಮನಿಸುವುದು ಥರ್ಮಲ್ ಫ್ಯೂಸ್ ಮಾತ್ರ. ಅದನ್ನೇ ವೈರ್ ಹಾಕಿ ಮುಚ್ಚಿದರೆ ಕಾಯುವವರು ಯಾರೂ ಇಲ್ಲ.

ಇನ್ನೊಂದು ಮಾತು. ಥರ್ಮಲ್ ಫ್ಯೂಸ್ ಸುಮ್ಮನೆ ಹೋಗುವುದಿಲ್ಲ. ಅದು ಹೋಗಿದೆ ಎಂದರೆ ಬಹುಪಾಲು ಏನೋ ಅತಿಯಾಗಿ ಬಿಸಿಯಾಗಿದೆ ಎಂದರ್ಥ. ವೈರ್ ಹಾಕಿದಾಗ ಆ ‘ಏನೋ’ ಹಾಗೆಯೇ ಉಳಿದಿರುತ್ತದೆ.

ಬ್ರಿಟನ್ನಿನಲ್ಲಿ ನಡೆದದ್ದು

ಇದು ಕೇವಲ ಲೆಕ್ಕದ ಪುಸ್ತಕದ ಭಯವಲ್ಲ. ಬ್ರಿಟನ್ನಿನಲ್ಲಿ ವಾಕ್ಸ್‌ಹಾಲ್ ಕಂಪನಿಯ ಝಫೀರಾ ಬಿ ಎಂಬ ಏಳು ಸೀಟಿನ ಕುಟುಂಬ ಕಾರು 2005ರಿಂದ 2014ರವರೆಗೆ ಮಾರಾಟದಲ್ಲಿತ್ತು. ಈ ಕಾರುಗಳಲ್ಲಿ ಒಂದರ ಹಿಂದೆ ಒಂದು ಬೆಂಕಿ ಹತ್ತಿದ ದೂರುಗಳು ಬಂದವು. ಎಷ್ಟೋ ಪ್ರಕರಣಗಳಲ್ಲಿ ಕಾರಿನೊಳಗೆ ಮಕ್ಕಳಿದ್ದರು. ತಂದೆತಾಯಂದಿರು ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿಕೊಂಡು ಸುಟ್ಟ ಕಾರುಗಳ ಫೋಟೊ ಹಾಕತೊಡಗಿದ ಮೇಲೆ ವಿಷಯ ದೊಡ್ಡದಾಯಿತು. 2015ರ ಕೊನೆಯಲ್ಲಿ ಕಂಪನಿ 2.3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಸಿತು. ಎಲ್ಲವೂ ಆಟೊಮ್ಯಾಟಿಕ್ ಎಸಿ ಇಲ್ಲದ, ನಾಬ್ ತಿರುಗಿಸುವ ಮಾದರಿಗಳು.

ಆಗ ಕಂಪನಿ ಕೊಟ್ಟ ಕಾರಣವೇನು ಗೊತ್ತೇ? ಬ್ಲೋವರ್ ರೆಸಿಸ್ಟರಿನ ಥರ್ಮಲ್ ಫ್ಯೂಸನ್ನು ಯಾರೋ ತಪ್ಪಾಗಿ ರಿಪೇರಿ ಮಾಡಿದ್ದಾರೆ ಎಂದು. ನಮ್ಮ ವಿಡಿಯೊದ ಕೈಗಳು ಮಾಡಿದ್ದೂ ಅದನ್ನೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ, ಮತ್ತು ಕಂಪನಿಯನ್ನು ಸಮರ್ಥಿಸಲು ನಾವು ಇದನ್ನು ಹೇಳುತ್ತಿಲ್ಲ. ತಪಾಸಣೆಯಾಗಿ ಬಂದ ಕಾರುಗಳಿಗೂ ಬೆಂಕಿ ಹತ್ತಿತು. 2016ರಲ್ಲಿ ಎರಡನೇ ಬಾರಿ ಕಾರುಗಳನ್ನು ಕರೆಸಬೇಕಾಯಿತು. ಬ್ಲೋವರ್ ಮೋಟಾರಿಗೆ ನೀರಿನ ಪಸೆ ತಾಗಿ ತುಕ್ಕು ಹಿಡಿಯುತ್ತದೆ, ಮೋಟಾರ್ ಬಿಗಿಯಾಗುತ್ತದೆ, ರೆಸಿಸ್ಟರ್ ಬಿಸಿಯಾಗುತ್ತದೆ ಎಂಬುದು ಆ ಹೊತ್ತಿಗೆ ಹೊರಬಿದ್ದಿತ್ತು. ಅಂದರೆ ಮೇಲಿನ ನಮ್ಮ ಲೆಕ್ಕದ ಜಾಮ್ ಆದ ಮೋಟಾರೇ. 2017ರ ಏಪ್ರಿಲ್‌ನಲ್ಲಿ ಬ್ರಿಟನ್ ಸಂಸತ್ತಿನ ಸಾರಿಗೆ ಸಮಿತಿ ಕೊಟ್ಟ ವರದಿಯಲ್ಲಿ ಕಂಪನಿ ತಡಮಾಡಿದ್ದನ್ನೂ, ಹೊರಗಿನ ರಿಪೇರಿಯವರ ಮೇಲೆ ಅವಸರದಲ್ಲಿ ಹೊಣೆ ಹೊರಿಸಿದ್ದನ್ನೂ ಕಟುವಾಗಿ ಟೀಕಿಸಲಾಯಿತು. ಅದೇ ವರ್ಷ ಅಮೆರಿಕದಲ್ಲಿ ಬಿಎಂಡಬ್ಲ್ಯು ಕೂಡ ಹೀಟರ್ ಮತ್ತು ಎಸಿ ಫ್ಯಾನಿನ ವೈರಿಂಗ್ ಬಿಸಿಯಾಗುವ ಕಾರಣಕ್ಕೆ ತನ್ನ 3 ಸರಣಿಯ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿತು.

ಮೋಟಾರ್ ಬಿಗಿಯಾಗುವುದು ಮೊದಲ ತಪ್ಪು, ಬಿಸಿಯನ್ನು ತಡೆಯುವ ಸಾಧನ ಸರಿಯಿಲ್ಲದಿರುವುದು ಎರಡನೆಯದು. ಎರಡೂ ಸೇರಿದಾಗ ಬೆಂಕಿ. ಎರಡನೆಯ ತಪ್ಪನ್ನು ಐದು ರೂಪಾಯಿಗೆ ನಾವೇ ಸೃಷ್ಟಿಸಿಕೊಳ್ಳುವುದನ್ನು ಆ ಫಾರ್ವರ್ಡ್ ಕಲಿಸುತ್ತದೆ.

ನಾಬ್ ತಿರುಗಿಸಿಯೇ ರೋಗ ಪತ್ತೆ

ಸಂತೋಷದ ವಿಷಯವೆಂದರೆ ರೋಗ ಪತ್ತೆಗೆ ಮೀಟರ್ ಬೇಡ, ಸ್ಪ್ಯಾನರ್ ಬೇಡ. ಕೀಯನ್ನು ಎಂಜಿನ್ ಸ್ಟಾರ್ಟ್ ಆಗುವ ಹಿಂದಿನ ಹಂತಕ್ಕೆ ತಿರುಗಿಸಿ (ರೇಡಿಯೊ ಮಾತ್ರ ಓಡುವ ಹಂತದಲ್ಲಿ ಹಲವು ಕಾರುಗಳಲ್ಲಿ ಬ್ಲೋವರ್ ಓಡುವುದಿಲ್ಲ, ಅದನ್ನೇ ಕೆಟ್ಟಿದೆ ಎಂದುಕೊಳ್ಳಬೇಡಿ). ಕಿಟಕಿ ಮುಚ್ಚಿ, ರೇಡಿಯೊ ಆರಿಸಿ, ನಾಬನ್ನು 1ರಿಂದ 4ರವರೆಗೆ ನಿಧಾನವಾಗಿ ತಿರುಗಿಸುತ್ತಾ ಕಿವಿಗೊಡಿ.

1, 2, 3 ಸತ್ತು 4 ಮಾತ್ರ ಓಡುತ್ತಿದ್ದರೆ ರೆಸಿಸ್ಟರ್ ಅಥವಾ ಅದರ ಥರ್ಮಲ್ ಫ್ಯೂಸ್. ಇದು ಅತ್ಯಂತ ಸಾಮಾನ್ಯ ತೊಂದರೆ. ಮೋಟಾರ್ ಬದಲಿಸಬೇಕು ಎಂದು ಯಾರಾದರೂ ನೇರವಾಗಿ ಹೇಳಿದರೆ ಕಾರಣ ಕೇಳಿ, ಏಕೆಂದರೆ 4ರಲ್ಲಿ ಚೆನ್ನಾಗಿ ಓಡುವ ಮೋಟಾರ್ ಸತ್ತಿಲ್ಲ. ಹೊಸ ರೆಸಿಸ್ಟರ್ ಮೋಟಾರಿಗಿಂತ ಬಹಳ ಅಗ್ಗ.

1 ಸತ್ತು ಉಳಿದವು ಸರಿಯಿದ್ದರೆ, ಅಥವಾ 1 ಮತ್ತು 2 ಸತ್ತು 3, 4 ಸರಿಯಿದ್ದರೆ ರೆಸಿಸ್ಟರಿನ ಯಾವುದೋ ಒಂದು ತುಣುಕು ಕಡಿದಿದೆ. ರೈಲು ಬೋಗಿಗಳ ಚಿತ್ರ ನೆನಪಿಸಿಕೊಳ್ಳಿ: ಹಿಂದಿನ ಕೊಂಡಿ ಕಳಚಿದರೆ 1 ಮಾತ್ರ ಹೋಗುತ್ತದೆ, ನಡುವಿನದು ಕಳಚಿದರೆ 1 ಮತ್ತು 2 ಎರಡೂ. ಇದಕ್ಕೂ ರೆಸಿಸ್ಟರ್ ಬದಲಿಸುವುದೇ ದಾರಿ.

ಈಗ ಸ್ವಲ್ಪ ಮಜಾ ಇರುವ ಪ್ರಕರಣ. 2 ಮಾತ್ರ ಸತ್ತಿದೆ, 1, 3, 4 ಎಲ್ಲ ಓಡುತ್ತಿವೆ. ರೆಸಿಸ್ಟರ್ ತಾನೇ ಎನ್ನುತ್ತೀರಾ? ಅಲ್ಲ. 1 ಓಡುತ್ತಿದೆ ಎಂದರೆ ಕರೆಂಟ್ ಮೂರೂ ತುಣುಕುಗಳನ್ನು ದಾಟಿ ಹೋಗುತ್ತಿದೆ, ಅಂದರೆ ಮೂರೂ ಗಟ್ಟಿಯಾಗಿವೆ. ಹಾಗಿದ್ದರೆ ಕೆಟ್ಟಿರುವುದು ನಾಬಿನ ಹಿಂದಿರುವ ಸ್ವಿಚ್ಚಿನ ಒಂದು ಸಂಪರ್ಕ ಅಥವಾ ಅಲ್ಲಿಂದ ಬರುವ ಒಂದು ವೈರ್. ಇದನ್ನು ತಿಳಿಯದೆ ರೆಸಿಸ್ಟರ್ ಬದಲಿಸಿದರೆ ದುಡ್ಡೂ ಹೋಯಿತು, ತೊಂದರೆಯೂ ಉಳಿಯಿತು. 4 ಮಾತ್ರ ಸತ್ತು ಕೆಳಗಿನವು ಓಡುತ್ತಿದ್ದರೂ ಹೀಗೆಯೇ. ರೆಸಿಸ್ಟರ್ ನಿರಪರಾಧಿ, ಸ್ವಿಚ್, ವೈರ್, ಅಥವಾ ಕೆಲವು ಕಾರುಗಳಲ್ಲಿ ಅತಿ ಹೆಚ್ಚಿನ ಸ್ಪೀಡಿಗೆಂದೇ ಇರುವ ರಿಲೇ ಕಡೆ ನೋಡಬೇಕು.

ಯಾವ ಸ್ಪೀಡೂ ಇಲ್ಲದಿದ್ದರೆ ಮೊದಲು ಫ್ಯೂಸ್. ಕಾರಿನ ಕೈಪಿಡಿಯಲ್ಲಿ ಫ್ಯೂಸ್ ಬಾಕ್ಸ್‌ನ ನಕ್ಷೆ ಇರುತ್ತದೆ. ಸಾಧಾರಣ ಪಟ್ಟಿ ಫ್ಯೂಸ್‌ಗಳಲ್ಲಿ ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30. ಸುಟ್ಟಿದ್ದರೆ ಅದೇ ಅಂಕಿಯದ್ದನ್ನೇ ಹಾಕಿ. ದೊಡ್ಡದು ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದು ಇವೆಲ್ಲ ಮೇಲಿನ ತುಂಡು ವೈರ್‌ನ ಅಣ್ಣತಮ್ಮಂದಿರು. ಹೊಸ ಫ್ಯೂಸ್ ಕೂಡ ಸುಟ್ಟರೆ ಮೂರನೆಯದನ್ನು ಹಾಕಲು ಹೋಗಬೇಡಿ, ಮೋಟಾರೋ ವೈರೋ ಎಲ್ಲೋ ಶಾರ್ಟ್ ಆಗಿದೆ.

ಫ್ಯೂಸ್ ಸರಿಯಿದ್ದೂ ಫ್ಯಾನ್ ಓಡದಿದ್ದರೆ ನಾಬ್ 4ರಲ್ಲಿಟ್ಟು ಗ್ಲೋವ್ ಬಾಕ್ಸ್ ಕೆಳಗೆ ಮೋಟಾರಿನ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಹಗುರವಾಗಿ ತಟ್ಟಿ. ‘ಡ್ಯಾಶ್‌ಬೋರ್ಡ್‌ಗೆ ಒಂದು ಗುದ್ದು ಕೊಟ್ಟರೆ ಎಸಿ ಬರುತ್ತದೆ’ ಎಂದು ಡ್ರೈವರುಗಳು ಹೇಳುವುದನ್ನು ಕೇಳಿ ನಾವೂ ಮೊದಲು ನಕ್ಕಿದ್ದೆವು. ಅದರಲ್ಲಿ ಸತ್ಯವಿದೆ. ಮೋಟಾರಿನೊಳಗೆ ಕಾರ್ಬನ್ ಬ್ರಷ್ ಎಂಬ ಸವೆಯುವ ತುಣುಕುಗಳಿವೆ. ಅವು ಸವೆದು ಸಂಪರ್ಕ ತಪ್ಪಿದಾಗ ತಟ್ಟಿದರೆ ಕ್ಷಣ ತಾಗಿ ಫ್ಯಾನ್ ಓಡುತ್ತದೆ. ಆದರೆ ಇದು ರೋಗ ಪತ್ತೆ ಮಾತ್ರ, ಔಷಧಿಯಲ್ಲ. ತಟ್ಟಿದಾಗ ಓಡಿದರೆ ಮೋಟಾರಿನ ಕೊನೆಗಾಲ ಹತ್ತಿರ ಬಂದಿದೆ.

ಫ್ಯಾನ್ ಸದ್ದು ಚೆನ್ನಾಗಿ ಏರುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲವೇ? ಹಾಗಾದರೆ ವಿದ್ಯುತ್ತಿನ ಕಡೆ ನೋಡಲೇಬೇಡಿ. ಕ್ಯಾಬಿನ್ ಫಿಲ್ಟರ್ ತೆಗೆಯಿರಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ಐದು ನಿಮಿಷದ ಕೆಲಸ. ಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಅಲ್ಲಿ ಎಲೆ, ಹೂವು ಸಿಗುತ್ತದೆ. ಅಡಿಕೆ ತೋಟದ ಮನೆಗಳಲ್ಲಿ, ಗೋಡೌನ್ ಪಕ್ಕ ನಿಲ್ಲಿಸುವವರಿಗೆ ಇಲಿಯ ಗೂಡೂ ಸಿಗಬಹುದು. ನಮ್ಮ ತಂಡದ ಒಬ್ಬರ ಕಾರಿನಲ್ಲಿ ಫಿಲ್ಟರ್ ಮೇಲೆ ಹರಿದ ಸೀಟ್ ಸ್ಪಂಜು, ಕಡಲೆಕಾಯಿ ಸಿಪ್ಪೆ, ಒಂದು ಬಿಸ್ಕತ್ತಿನ ಕವರ್, ಇಷ್ಟೂ ಇದ್ದವು. ಗಾಳಿ ಬರದಿದ್ದದ್ದಷ್ಟೇ ಅಲ್ಲ, ಮೊದಲು ಹೇಳಿದ ರೆಸಿಸ್ಟರ್ ತಣಿಯಲೂ ಇದೇ ಗಾಳಿ ಬೇಕು ಎಂಬುದು ನೆನಪಿರಲಿ. ಮುಚ್ಚಿಹೋದ ಫಿಲ್ಟರ್ ಇಟ್ಟುಕೊಂಡು ಹೊಸ ರೆಸಿಸ್ಟರ್ ಹಾಕಿದರೆ ಅದೂ ಬೇಗ ಹೋಗುವ ಸಾಧ್ಯತೆ ಹೆಚ್ಚು.

ತಾಪಮಾನ ಸೆಟ್ ಮಾಡುವ ಆಟೊಮ್ಯಾಟಿಕ್ ಎಸಿ ಇರುವ ಕಾರುಗಳಿಗೆ ಈ 1-2-3-4ರ ತರ್ಕ ಹೊಂದುವುದಿಲ್ಲ. ಅಲ್ಲಿ ರೆಸಿಸ್ಟರಿನ ಬದಲು ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ಸ್ಪೀಡನ್ನು ನಿಯಂತ್ರಿಸುತ್ತದೆ. ಫ್ಯಾನ್ ತಾನಾಗಿಯೇ ಏರಿಳಿಯುವುದು, ಒಂದೇ ಸ್ಪೀಡಿನಲ್ಲಿ ಸಿಕ್ಕಿಕೊಳ್ಳುವುದು, ಆಫ್ ಮಾಡಿದರೂ ನಿಲ್ಲದಿರುವುದು ಅದರ ತೊಂದರೆಯಿರಬಹುದು. ಅದು ಮನೆಯಲ್ಲಿ ಬಿಚ್ಚುವ ವಸ್ತುವಲ್ಲ.

ಮಳೆಯಲ್ಲಿ ಇದು ಬರೀ ಸೆಕೆಯ ಪ್ರಶ್ನೆಯಲ್ಲ

‘ಎಸಿ ಇಲ್ಲದಿದ್ದರೆ ಕಿಟಕಿ ಇಳಿಸಿಕೊಂಡರಾಯಿತು’ ಎಂದು ಬ್ಲೋವರ್ ರಿಪೇರಿಯನ್ನು ಮುಂದೂಡುವವರು ಬಹಳ. ಬೇಸಿಗೆಯಲ್ಲಿ ಸರಿ. ಜುಲೈ ತಿಂಗಳಲ್ಲಿ ರಾತ್ರಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ನಾಲ್ಕು ಜನರ ಉಸಿರಿನ ತೇವ ಮುಂದಿನ ಗಾಜಿನ ಮೇಲೆ ಮಂಜಾಗಿ ಕೂತರೆ ಎದುರಿನ ಲಾರಿಯ ಬೆಳಕು ಹಾಲಿನಂತೆ ಹರಡಿಕೊಳ್ಳುತ್ತದೆ, ರಸ್ತೆಯ ಅಂಚು ಕಾಣುವುದಿಲ್ಲ. ಆ ಮಂಜನ್ನು ತೆಗೆಯುವುದು ಬ್ಲೋವರ್. ಎಸಿ ಆನ್ ಮಾಡಿ, ಗಾಳಿಯ ದಿಕ್ಕನ್ನು ಗಾಜಿನ ಕಡೆಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಆರಿಸಿ ಹೊರಗಿನ ಗಾಳಿ ಬರುವಂತೆ ಮಾಡಿದರೆ ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಎಸಿಯ ತಣ್ಣನೆಯ ಸುರುಳಿ ಗಾಳಿಯ ತೇವವನ್ನು ನೀರಾಗಿ ಇಳಿಸುತ್ತದೆ, ಒಣಗಾಳಿ ಗಾಜನ್ನು ಒಣಗಿಸುತ್ತದೆ. ಬ್ಲೋವರ್ ಸತ್ತಿದ್ದರೆ ಇದ್ಯಾವುದೂ ಇಲ್ಲ.

4 ಮಾತ್ರ ಓಡುವ ಕಾರಿನಲ್ಲಿ ಮಳೆಗಾಲ ದೂಡಬಹುದು, ಸದ್ದು ಹೆಚ್ಚು ಅಷ್ಟೇ. ಯಾವುದೂ ಓಡದ ಕಾರನ್ನು ಮಳೆಯ ರಾತ್ರಿ ಘಾಟಿಗೆ ಒಯ್ಯಬೇಡಿ ಎಂಬುದು ನಮ್ಮ ಸಲಹೆ. ದಾರಿಯಲ್ಲೇ ಕೈಕೊಟ್ಟರೆ ಹೊರಗಿನ ಗಾಳಿಯ ಬಾಗಿಲು ತೆರೆದಿಡಿ, ಕಾರು ಓಡುತ್ತಿರುವಾಗ ಸ್ವಲ್ಪ ಗಾಳಿ ತಾನಾಗಿ ಬರುತ್ತದೆ. ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ. ಕಾಣದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ತಿರುವು ತೆಗೆದುಕೊಳ್ಳಬೇಡಿ.

ಜೊತೆಗೆ ಓಡಾಡುವ ಇನ್ನೆರಡು ಮಾತುಗಳು

‘ಫ್ಯಾನ್ 4ರಲ್ಲಿಟ್ಟರೆ ನಾಲ್ಕು ಪಟ್ಟು ಪೆಟ್ರೋಲ್’ ಎಂಬುದು ತಪ್ಪು. ಬ್ಲೋವರ್ ಪೂರ್ಣ ವೇಗದಲ್ಲಿ ತೆಗೆದುಕೊಳ್ಳುವುದು ಅಂದಾಜು 200ರಿಂದ 300 ವ್ಯಾಟ್. ಎಸಿ ಕಂಪ್ರೆಸರ್ ಎಂಜಿನ್‌ನಿಂದ ಕಿತ್ತುಕೊಳ್ಳುವುದು ಸಾವಿರಾರು ವ್ಯಾಟ್‌ಗಳ ಲೆಕ್ಕ. ಮೈಲೇಜ್ ವ್ಯತ್ಯಾಸ ಮುಖ್ಯವಾಗಿ ಕಂಪ್ರೆಸರಿನಿಂದ. ಬಿಸಿಲಲ್ಲಿ ನಿಂತ ಕಾರು ಹತ್ತಿದಾಗ ಒಂದೆರಡು ನಿಮಿಷ ಕಿಟಕಿ ತೆರೆದು ಬಿಸಿಗಾಳಿ ಓಡಿಸಿ, ಆಮೇಲೆ ಜೋರು ಫ್ಯಾನಿನಲ್ಲಿ ಬೇಗ ತಂಪು ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

‘ಹೀಟರ್ ಹಾಕಿದರೆ ಪೆಟ್ರೋಲ್ ಕುಡಿಯುತ್ತದೆ’ ಎಂಬುದೂ ಪೆಟ್ರೋಲ್, ಡೀಸೆಲ್ ಕಾರುಗಳ ಮಟ್ಟಿಗೆ ಬಹುಪಾಲು ತಪ್ಪು. ಎಂಜಿನ್ ಬಿಸಿ ಮಾಡಿದ ಕೂಲಂಟ್ ನೀರಿನಿಂದಲೇ ಹೀಟರ್ ಕೆಲಸ ಮಾಡುವುದು, ಆ ಶಾಖ ಹೇಗೂ ರೇಡಿಯೇಟರಿನಿಂದ ಹೊರಗೆ ಹೋಗುತ್ತಿತ್ತು. ಎಲೆಕ್ಟ್ರಿಕ್ ಕಾರುಗಳಲ್ಲಿ ಮಾತ್ರ ಇದು ನಿಜ. ಅಲ್ಲಿ ಪುಕ್ಕಟೆ ಶಾಖವಿಲ್ಲ, ಬ್ಯಾಟರಿಯಿಂದಲೇ ಬರಬೇಕು, ಓಡುವ ದೂರ ಕಡಿಮೆಯಾಗುತ್ತದೆ.

ರಿಪೇರಿಗೆ ಕೊಡುವಾಗ

ರೆಸಿಸ್ಟರ್ ಹೊರಗೆ ತೆಗೆಸಿದಾಗ ಅದರ ಪ್ಲಗ್ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ ಸುತ್ತ ಕರಗಿದ್ದರೆ ಪ್ಲಗ್ ಕೂಡ ಬದಲಾಗಬೇಕು, ಇಲ್ಲವಾದರೆ ಹೊಸ ರೆಸಿಸ್ಟರಿಗೂ ಅದೇ ಗತಿ. ಕಾರು ನಿಂತಿರುವಾಗ ಫ್ಯಾನ್ ಚಕ್ರವನ್ನು ಬೆರಳಿನಿಂದ ತಿರುಗಿಸಿ ತೋರಿಸಲು ಹೇಳಿ. ಹಗುರವಾಗಿ ತಿರುಗಬೇಕು, ಗರಗರ ಸದ್ದು ಅಥವಾ ಬಿಗಿ ಇದ್ದರೆ ಮೋಟಾರ್ ನೋಡಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಒಮ್ಮೆ ಈ ರೆಸಿಸ್ಟರ್ ತೆಗೆಸಿ ಹಳಬರು ಯಾರಾದರೂ ವೈರ್ ಹಾಕಿದ್ದಾರೆಯೇ ಎಂದು ನೋಡಿಸುವುದು ಒಳ್ಳೆಯದು. ನೀವೇ ಬಿಚ್ಚುವುದಾದರೆ ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿ, ಆಗಷ್ಟೇ ಓಡಿಸಿದ್ದರೆ ರೆಸಿಸ್ಟರ್ ತಣಿಯಲು ಬಿಡಿ, ಆ ಜಾಗದಲ್ಲಿ ಹಾದುಹೋಗುವ ಹಳದಿ ಪ್ಲಗ್‌ಗಳನ್ನು ಮುಟ್ಟಬೇಡಿ. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು.

ಹಾಸನದ ಓದುಗರಿಗೆ ನಾವು ಇಷ್ಟನ್ನೂ ಬರೆದು ಕಳುಹಿಸಿದೆವು. ಹತ್ತು ದಿನಗಳ ನಂತರ ಅವರಿಂದ ಒಂದು ಫೋಟೊ ಬಂತು. ರೆಸಿಸ್ಟರಿನ ಪ್ಲಗ್‌ನಲ್ಲಿ ಒಂದು ಪಿನ್ ಸುತ್ತ ಕಪ್ಪಗೆ ಸುಟ್ಟ ಗುರುತು. ಅವರ ಮೆಕ್ಯಾನಿಕ್ ಫ್ಯಾನ್ ಚಕ್ರ ತಿರುಗಿಸಿ ನೋಡಿದಾಗ ಅದು ಅರ್ಧ ಸುತ್ತಿಗೇ ನಿಂತಿತಂತೆ. ಬೇರಿಂಗ್ ತುಕ್ಕು ಹಿಡಿದಿತ್ತು. ರೆಸಿಸ್ಟರ್, ಪ್ಲಗ್, ಮೋಟಾರ್ ಮೂರನ್ನೂ ಬದಲಿಸಿದ್ದಾರೆ. ವಿಡಿಯೊ ಬಂದಿದ್ದ ಸಂಬಂಧಿಕರ ಗ್ರೂಪ್‌ನಲ್ಲೇ ಆ ಫೋಟೊವನ್ನೂ ಹಾಕಿದ್ದಾರೆ. ಅದೇ ವಿಡಿಯೊ ನೋಡಿ ತನ್ನ ಕಾರಿಗೆ ಆಗಲೇ ವೈರ್ ಹಾಕಿಸಿಕೊಂಡಿದ್ದ ಸೋದರಮಾವನೊಬ್ಬರು ಮರುದಿನ ಗ್ಯಾರೇಜಿಗೆ ಹೋಗಿ ಅದನ್ನು ತೆಗೆಸಿಕೊಂಡು ಬಂದರಂತೆ.